ಬೆಳಗಿನ ಮಾತ್ರೆ ಮತ್ತು ತೆಳುವಾದ ಜಡೆ

ಜಡೆಯ ತುದಿಗೆ ರಬ್ಬರ್ ಬ್ಯಾಂಡ್ ಎರಡು ಸುತ್ತು ಹಾಕಿದರೆ ಸಾಕಾಗುತ್ತಿತ್ತು. ಅದು ಮೂರಾಯಿತು, ನಾಲ್ಕಾಯಿತು. ಬೆಳಿಗ್ಗೆ ಮುಡಿದ ಮಲ್ಲಿಗೆ ಮಧ್ಯಾಹ್ನದೊಳಗೆ ಹೆಗಲಿಗೆ ಜಾರತೊಡಗಿದಾಗ ಗಾಬರಿಯಾಯಿತು. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜವೆಂದು ಗೊತ್ತಿತ್ತು. ಆದರೆ ಬಚ್ಚಲ ಜಾಲರಿಯಲ್ಲಿ ಸಿಗುತ್ತಿದ್ದ ಉಂಡೆಯನ್ನು ಬಿಡಿಸಿ ಎಣಿಸುವ ಧೈರ್ಯ ಬರಲಿಲ್ಲ.

ಆರು ತಿಂಗಳನ್ನು ತಲೆಯ ಮೇಲೆಯೇ ಕಳೆದೆ. ಅತ್ತೆ ಕಾಯಿಸಿಕೊಟ್ಟ ದಾಸವಾಳದ ಎಣ್ಣೆ, ಈರುಳ್ಳಿ ರಸ (ಕಚೇರಿಯಲ್ಲಿ ಪಕ್ಕದವರು ಕುರ್ಚಿ ಸರಿಸಿಕೊಂಡ ದಿನ ಬಿಟ್ಟೆ), ಬಯೋಟಿನ್ ಎಂಬ ವಿಟಮಿನ್ ಮಾತ್ರೆ, ಕೊನೆಗೆ ‘ಕರುಳು ಶುದ್ಧಿ’ಯ ಒಂದು ದುಬಾರಿ ಪುಡಿ. ಪುಡಿಯಿಂದ ಎರಡು ದಿನ ಭೇದಿಯಾಯಿತು, ಅಷ್ಟೆ.

ಚರ್ಮರೋಗ ತಜ್ಞೆ ಬೈತಲೆಯನ್ನು ನೋಡಿ, “ಹೊಟ್ಟೆಗೆ ಏನಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ?” ಎಂದು ಕೇಳಿದರು. ಇಲ್ಲವೆಂದೆ. ಸುಳ್ಳು ಹೇಳುವ ಉದ್ದೇಶವಿರಲಿಲ್ಲ. ಎದೆಯುರಿಗೆಂದು ಮೂರು ವರ್ಷಗಳಿಂದ ಖಾಲಿ ಹೊಟ್ಟೆಗೆ ನುಂಗುತ್ತಿದ್ದ, ಜಠರದ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ನನ್ನ ಲೆಕ್ಕದಲ್ಲಿ ಔಷಧಿಯೇ ಆಗಿರಲಿಲ್ಲ, ಹಲ್ಲುಜ್ಜುವ ಹಾಗೆ ಅದೂ ಒಂದು. ಹದಿನೈದು ದಿನಕ್ಕೆಂದು ಬರೆದುಕೊಟ್ಟಿದ್ದನ್ನು ಅಂಗಡಿಯಲ್ಲಿ ಹೆಸರು ಹೇಳಿ ಕೊಳ್ಳುತ್ತಲೇ ಹೋಗಿದ್ದೆ.

ರಕ್ತಪರೀಕ್ಷೆಗೆ ಮೊದಲು ಬಯೋಟಿನ್ ನಿಲ್ಲಿಸಲು ಹೇಳಿದರು. ಅದು ಥೈರಾಯ್ಡ್ ಪರೀಕ್ಷೆಯ ಅಂಕಿಗಳನ್ನೇ ತಪ್ಪಾಗಿ ತೋರಿಸಬಲ್ಲದಂತೆ. ಥೈರಾಯ್ಡ್ ಸರಿಯಿತ್ತು. ಹಿಮೋಗ್ಲೋಬಿನ್ 12.2, ಅದೂ ಸರಿ. ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಮಾತ್ರ 9. ಹಿಮೋಗ್ಲೋಬಿನ್ ಪಾತ್ರೆಯಲ್ಲಿರುವ ಅನ್ನ, ಫೆರಿಟಿನ್ ಡಬ್ಬದಲ್ಲಿರುವ ಅಕ್ಕಿ. ಡಬ್ಬದ ತಳ ಕಾಣುತ್ತಿತ್ತು. ಇಂಥ ಹೊತ್ತಿನಲ್ಲಿ ಬಹಳಷ್ಟು ಕೂದಲಿನ ಬುಡಗಳು ಬೆಳವಣಿಗೆ ನಿಲ್ಲಿಸಿ ವಿಶ್ರಾಂತಿಗೆ ಜಾರುತ್ತವೆ. ಎರಡು ಮೂರು ತಿಂಗಳ ನಂತರ ಒಟ್ಟಿಗೆ ಉದುರುತ್ತವೆ.

“ದಿನವೂ ಸೊಪ್ಪು, ಕಾಳು ತಿನ್ನುತ್ತೇನಲ್ಲ?” ಎಂದೆ. ಸಸ್ಯಾಹಾರದ ಕಬ್ಬಿಣ ಕರಗಿ ಸಣ್ಣ ಕರುಳಿನ ಮೊದಲ ಭಾಗದಲ್ಲಿ ಹೀರಿಕೆಯಾಗಬೇಕಾದರೆ ಜಠರದ ಆಮ್ಲ ಬೇಕು. ಬೆಳಿಗ್ಗೆ ಆಮ್ಲವನ್ನು ಅಡಗಿಸಿ, ಮಧ್ಯಾಹ್ನ ನುಗ್ಗೆಸೊಪ್ಪಿನ ಪಲ್ಯ ತಿಂದು, ಅದರ ಮೇಲೆ ಲೋಟದ ತುಂಬ ಕಾಫಿ ಸುರಿಯುತ್ತಿದ್ದೆ. ಕಾಫಿಯೂ ಟೀಯೂ ಕಬ್ಬಿಣವನ್ನು ತಡೆಯುವುದರಲ್ಲಿ ಒಂದಕ್ಕಿಂತ ಒಂದು ಮುಂದು.

ಮೂರು ವರ್ಷದ ಎದೆಯುರಿಗೆ ಕಾರಣ ಹುಡುಕಲೇಬೇಕೆಂದು ಜಠರ ತಜ್ಞರ ಬಳಿ ಕಳುಹಿಸಿದರು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದೆಯೇ ಎಂದು ತಿಳಿಯಲು ಮಲಪರೀಕ್ಷೆ. ಜಠರದ ಹುಣ್ಣಿಗೆ ಇದು ಕಾರಣವೆಂದು ತೋರಿಸಿದ ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ 1984ರಲ್ಲಿ ಇದನ್ನು ತಾವೇ ಕುಡಿದು ಕಾಯಿಲೆ ಬೀಳಿಸಿಕೊಂಡಿದ್ದರು. 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಪಡೆದರು. ಕಬ್ಬಿಣದ ಕೊರತೆಗೂ ಈ ಬ್ಯಾಕ್ಟೀರಿಯಾ ಕಾರಣವಾಗಬಲ್ಲದು.

ಪರೀಕ್ಷೆ ಸರಿಯಾಗಿ ಬರಲು ಎರಡು ವಾರ ಮೊದಲೇ ಪ್ಯಾಂಟೊಪ್ರಜೋಲ್ ಬಿಡಬೇಕಿತ್ತು. ಇಡೀ ಪ್ರಯಾಣದಲ್ಲಿ ಕಠಿಣವಾದದ್ದು ಆ ಎರಡು ವಾರ. ಇಷ್ಟು ಕಾಲ ಅದುಮಿಟ್ಟ ಆಮ್ಲ ಮಾತ್ರೆ ಬಿಟ್ಟೊಡನೆ ಹೆಚ್ಚಾಗಿಯೇ ಉಕ್ಕುತ್ತದೆ. ಮೂರನೆಯ ರಾತ್ರಿ ಎದೆಯಲ್ಲಿ ಕೆಂಡವಿಟ್ಟ ಹಾಗಾಗಿ, ‘ಜಡೆ ಹೋದರೆ ಹೋಗಲಿ’ ಎಂದು ಡ್ರಾಯರ್ ಎಳೆದಿದ್ದೆ. ಮಾತ್ರೆ ಅಲ್ಲಿರಲಿಲ್ಲ, ಗಂಡ ಅಡಗಿಸಿಟ್ಟಿದ್ದರು. ಸಂಜೆ ಏಳಕ್ಕೇ ಊಟ ಮುಗಿಸಿ, ಮಂಚದ ತಲೆಯ ಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಮಲಗಿ ದಿನ ದೂಡಿದೆ. ಆದರೆ ಎಲ್ಲರೂ ಹೀಗೆ ಬಿಡುವಂತಿಲ್ಲ. ಹೃದಯಕ್ಕಾಗಿ ಆಸ್ಪಿರಿನ್ ನುಂಗುವ ನನ್ನ ಅಪ್ಪನಿಗೆ ಹೊಟ್ಟೆಯಲ್ಲಿ ರಕ್ತಸ್ರಾವವಾಗದಿರಲೆಂದೇ ಇದೇ ಮಾತ್ರೆ ಕೊಟ್ಟಿದ್ದಾರೆ. ಅವರದನ್ನು ಮುಟ್ಟಲಿಲ್ಲ.

ಬ್ಯಾಕ್ಟೀರಿಯಾ ಇತ್ತು. 14 ದಿನ ಆಂಟಿಬಯಾಟಿಕ್, ಬಾಯಿಯ ತುಂಬ ತಾಮ್ರದ ರುಚಿ. ನಂತರ ಕಬ್ಬಿಣದ ಮಾತ್ರೆ, ದಿನ ಬಿಟ್ಟು ದಿನ, ನಿಂಬೆ ಪಾನಕದ ಜೊತೆ. ಒಂದು ದಿನ ತೆಗೆದುಕೊಂಡರೆ ಮರುದಿನ ದೇಹವೇ ಹೀರಿಕೆ ತಗ್ಗಿಸುತ್ತದಂತೆ. ಮಲ ಕಪ್ಪಾಗುತ್ತದೆ ಎಂದು ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ಊಟಕ್ಕೂ ಕಾಫಿಗೂ ಎರಡು ಗಂಟೆ ಅಂತರ.

ನಾಲ್ಕು ತಿಂಗಳು ಏನೂ ಕಾಣಲಿಲ್ಲ. ಕೂದಲು ಬೆಳೆಯುವುದೇ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಐದನೆಯ ತಿಂಗಳು ಹಣೆಯ ಅಂಚಿನಲ್ಲಿ ಗರಿಕೆಯಂತೆ ಚಿಕ್ಕ ಕೂದಲು ನಿಂತವು. ಎಷ್ಟು ಬಾಚಿದರೂ ಮಲಗುವುದಿಲ್ಲ. ಎಂಟನೆಯ ತಿಂಗಳಿಗೆ ಫೆರಿಟಿನ್ 44. ಬ್ಯಾಕ್ಟೀರಿಯಾ ಹೋದದ್ದರಿಂದಲೋ, ಪ್ಯಾಂಟೊಪ್ರಜೋಲ್ ಬಿಟ್ಟದ್ದರಿಂದಲೋ, ಕಾಫಿ ದೂರವಾದದ್ದರಿಂದಲೋ ಎಂದು ಕೇಳಿದರೆ ಬಿಡಿಸಿ ಹೇಳಲಾರೆ. ಎಲ್ಲವೂ ಒಟ್ಟಿಗೆ ನಡೆದವು. ರಬ್ಬರ್ ಬ್ಯಾಂಡ್ ಈಗ ಮೂರು ಸುತ್ತಿಗೆ ನಿಂತಿದೆ.