ಒಂದು ಕಾಲಾಳು ಕಡಿಮೆಯಿದ್ದರೂ ಡ್ರಾ ಹಿಡಿದದ್ದು ಹೀಗೆ

ಕ್ಲಬ್ ಮಟ್ಟದ ಚೆಸ್ ಪಂದ್ಯ, ನನ್ನದು ಕಪ್ಪು. (ಮನೆಯ ಹೆಸರಿನಲ್ಲಿ ಅಕ್ಷರ ಲಂಬಸಾಲು, ಅಂಕಿ ಅಡ್ಡಸಾಲು.) ಕೊನೆಗೆ ಬಿಳಿಗೆ ಡಿ5ರಲ್ಲಿ ರಾಜ, ಎಚ್7ರಲ್ಲಿ ಆನೆ, ಇ5ರಲ್ಲಿ ಕಾಲಾಳು. ನನಗೆ ಇ8ರಲ್ಲಿ ರಾಜ, ಎ6ರಲ್ಲಿ ಆನೆ. 18ನೇ ಶತಮಾನದ ಫ್ರೆಂಚ್ ಆಟಗಾರ ಫಿಲಿಡೋರ್ ಹೆಸರಿನಲ್ಲೇ ಗುರುತಿಸುವ ಸ್ಥಿತಿ ಇದು. ಟೂರ್ನಮೆಂಟ್ ಆಡುವವರಿಗೆಲ್ಲ ಬಾಯಿಪಾಠವಾಗಿರಲೇಬೇಕು.

ಆನೆ ಆರನೇ ಅಡ್ಡಸಾಲನ್ನು ಬಿಡಬಾರದು. ಬಿಳಿ ರಾಜ ಅಲ್ಲಿಗೆ ಏರದಂತೆ ತಡೆಯುವುದೇ ಅದರ ಕೆಲಸ. ನಾನು ಎ6, ಬಿ6 ನಡುವೆ ಓಡಾಡಿಸಿದೆ. ಜಿ6 ಕೂಡ ಆದೀತು. ಸಿ6ಕ್ಕೆ ಇಟ್ಟರೆ ರಾಜ ಹೊಡೆಯುತ್ತಾನೆ, ಎಚ್6ಕ್ಕೆ ಇಟ್ಟರೆ ಎದುರಾಳಿಯ ಆನೆ, ಡಿ6 ಅಥವಾ ಎಫ್6ಕ್ಕೆ ಇಟ್ಟರೆ ಕಾಲಾಳು. ಎಂಟನೇ ಸಾಲಿಗೆ ಹಿಂದೆಗೆದು ಕೂತರಂತೂ, ಕಾಲಾಳು ನಡುವಿನ ಲಂಬಸಾಲಿನಲ್ಲಿರುವಾಗ, ಸೋಲು. ಅಂಥ ಕಾವಲು ನಿಲ್ಲುವುದು ಎ, ಬಿ, ಜಿ, ಎಚ್ ಸಾಲಿನ ಕಾಲಾಳಿನ ಎದುರು ಮಾತ್ರ.

ಬೇರೆ ದಾರಿ ಕಾಣದೆ ಬಿಳಿ ಕಾಲಾಳನ್ನು ಇ6ಕ್ಕೆ ತಳ್ಳಿತು. ಆನೆ ಆರನೇ ಸಾಲು ಬಿಡಬೇಕಾದ ಗಳಿಗೆ ಇದೇ: ನೇರವಾಗಿ ಎ1. ಬಿಳಿ ರಾಜ ಡಿ6ಕ್ಕೆ ಬಂದು, ಆನೆಯಿಂದ ಎಚ್8ರಲ್ಲಿ ಮೇಟ್ (ನನ್ನ ರಾಜ ತಪ್ಪಿಸಿಕೊಳ್ಳಲಾಗದ ದಾಳಿ) ಬೆದರಿಕೆ ಹಾಕಿದ. ನಾನು ಆನೆಯಿಂದ ಡಿ1ರಲ್ಲಿ ಚೆಕ್ (ರಾಜನ ಮೇಲೆ ದಾಳಿ) ಕೊಟ್ಟೆ. ರಾಜ ಇ5, ಇ1ರಿಂದ ಚೆಕ್. ಮರೆಗೆ ನಿಲ್ಲಲು ಬೇಕಾಗಿದ್ದ ಇ6 ಮನೆಯಲ್ಲಿ ಈಗ ಅವನದೇ ಕಾಲಾಳು ಕೂತಿದೆ. ಎಫ್6ಕ್ಕೆ ಹೋದರೆ ಎಫ್1ರಿಂದ ಚೆಕ್. ಇನ್ನೂ ದೂರ ಓಡಿದರೆ ಕಾಲಾಳು ಕಾವಲಿಲ್ಲದೆ ಉಳಿಯುತ್ತದೆ.

ಹಲವರು ಆತುರಪಟ್ಟು, ಕಾಲಾಳು ಇನ್ನೂ ಇ5ರಲ್ಲಿರುವಾಗಲೇ ಆನೆಯನ್ನು ಎ1ಕ್ಕೆ ಕಳಿಸುತ್ತಾರೆ. ಆಗ ಬಿಳಿ ರಾಜ ಇ6ಕ್ಕೆ ಏರಿ ಮೇಟ್ ಹೂಡುತ್ತಾನೆ. ಆಟ ಉಳಿಸಬಹುದು, ಆದರೆ ಕಷ್ಟ: ರಾಜನನ್ನು ಎಫ್8ಕ್ಕೆ, ಅಂದರೆ ಕಾಲಾಳಿನಿಂದ ಅಂಚಿಗೆ ಮನೆ ಕಡಿಮೆಯಿರುವ ಗಿಡ್ಡ ಬದಿಗೆ ಸರಿಸಿ, ಉದ್ದ ಬದಿಯಲ್ಲಿ ಆನೆಗೆ ಅಡ್ಡ ಚೆಕ್ ಕೊಡಲು ಜಾಗ ಉಳಿಸಿಕೊಳ್ಳಬೇಕು.

ನನ್ನ ಆಟದಲ್ಲಿ ರಾಜ ಡಿ6, ಇ5 ನಡುವೆಯೇ ತಿರುಗಿದ. ಡಿ1ರ ಚೆಕ್‌ನಿಂದ ಅದೇ ಸ್ಥಿತಿ ಮೂರನೇ ಸಲ ಬರುವಂತಾಯಿತು; ಆಗ ಡ್ರಾ ಕೇಳಬಹುದು. ನಾನು ಆನೆಯನ್ನು ಮುಟ್ಟಲಿಲ್ಲ. ನಡೆಯನ್ನು ಸ್ಕೋರ್‌ಶೀಟಿನಲ್ಲಿ ಬರೆದು, ಗಡಿಯಾರ ನಿಲ್ಲಿಸಿ, ಆರ್ಬಿಟರನ್ನು (ತೀರ್ಪುಗಾರರನ್ನು) ಕರೆದೆ. ನಡೆ ಆಡಿ ಗಡಿಯಾರ ಒತ್ತಿದ ಮೇಲೆ ಕೇಳಿದರೆ ಆ ಹಕ್ಕು ಹೋಗಿರುತ್ತದೆ. ಲೆಕ್ಕ ತಪ್ಪಿದ್ದರೆ ಎದುರಾಳಿಗೆ ಎರಡು ನಿಮಿಷ ಹೆಚ್ಚುವರಿ ಸಿಗುತ್ತದೆ. ಆರ್ಬಿಟರ್ ಹಾಳೆ ನೋಡಿ ನಡೆಗಳನ್ನು ಪರಿಶೀಲಿಸಿ, ಅರ್ಧ ಅಂಕ ಬರೆದರು.