ನೀರಿಗೆ ಹಾರುವ ಮುಂಚಿನ ಹತ್ತು ಸೆಕೆಂಡು

ನಾನು ಹುಟ್ಟಿ ಬೆಳೆದದ್ದು ಕಾರವಾರದ ಕೋಡಿಬಾಗದಲ್ಲಿ. ಮನೆಯಿಂದ ಕಾಳಿ ನದಿ ನಡೆದು ಹೋಗುವಷ್ಟು ಹತ್ತಿರ. ಈಜು ಯಾವಾಗ ಕಲಿತೆ ಅಂತ ನೆನಪೇ ಇಲ್ಲ. ಡಿಗ್ರಿಯಲ್ಲಿ ಕಾಲೇಜಿನ ಪರವಾಗಿ 100 ಮೀಟರ್ ಫ್ರೀಸ್ಟೈಲ್ ಈಜುತ್ತಿದ್ದೆ. ಎಂ.ಎಸ್ಸಿ ಮಾಡಲು ಬ್ರಿಟನ್ನಿಗೆ ಹೋದಾಗ ಯೂನಿವರ್ಸಿಟಿಯಲ್ಲಿ ಲೈಫ್‌ಸೇವಿಂಗ್ ಕ್ಲಬ್ ಇದೆ ಅಂತ ಗೊತ್ತಾಯಿತು. ಸೇರಿಬಿಟ್ಟೆ. ಸಮುದ್ರದ ದಡದವಳಿಗೆ ಇದೇನು ಕಷ್ಟ ಅಂತ ಅನ್ನಿಸಿತ್ತು.

ಅಲ್ಲಿ ಜೀವ ಉಳಿಸುವುದೂ ಒಂದು ಕ್ರೀಡೆ. ಬೇರೆ ಬೇರೆ ಯೂನಿವರ್ಸಿಟಿಗಳ ಕ್ಲಬ್ಬುಗಳು ಸೇರಿ ಬುಲ್ಸ್ಕಾ ಅನ್ನುವ ಒಕ್ಕೂಟ ಮಾಡಿಕೊಂಡಿವೆ. ಒಂದು ತಂಡಕ್ಕೆ ನಾಲ್ಕು ಜನ. ಹಗ್ಗ ಎಸೆಯುವ ಸ್ಪರ್ಧೆ ಇದೆ, ಇನ್ನೊಬ್ಬರನ್ನು ಎಳೆದುಕೊಂಡು ಈಜುವುದಿದೆ.

ಮೊದಲ ವಾರವೇ ಬೊಂಬೆ ಸಿಕ್ಕಿತು. ಮ್ಯಾನಿಕಿನ್ ಅನ್ನುತ್ತಾರೆ. ಒಂದು ಮೀಟರ್ ಉದ್ದದ ಪ್ಲಾಸ್ಟಿಕ್ ಬೊಂಬೆ, ಒಳಗೆ ನೀರು ತುಂಬಿ ಕೊಳದ ತಳಕ್ಕೆ ಬಿಟ್ಟಿರುತ್ತಾರೆ. 50 ಮೀಟರ್ ಸ್ಪರ್ಧೆಯಲ್ಲಿ 25 ಮೀಟರ್ ಈಜಿ, ಮುಳುಗಿ ಬೊಂಬೆ ಎತ್ತಿ, ಉಳಿದ 25 ಮೀಟರ್ ಅದನ್ನು ಹಿಡಿದುಕೊಂಡೇ ಬರಬೇಕು. ಅದರ ಬಾಯಿ ಮೂಗು ನೀರಿನ ಮೇಲೇ ಇರಬೇಕು ಅಂತ ನಮಗೆ ಕಲಿಸಿದ್ದರು. ನಿಯಮ ಓದಲು ಚಿಕ್ಕದು. ಆದರೆ ನನ್ನ ಒಂದು ಕೈ ಬೊಂಬೆಗೆ ಹೋಯಿತು, ಫ್ರೀಸ್ಟೈಲಿನ ಕಾಲು ಹೊಡೆತಕ್ಕೆ ಇಬ್ಬರ ಭಾರ ಎಳೆಯುವ ಬಲವಿರಲಿಲ್ಲ. ಪಕ್ಕಕ್ಕೆ ಮಲಗಿ, ಕತ್ತರಿಯ ಹಾಗೆ ಕಾಲು ಅಗಲಿಸಿ ಮುಚ್ಚಿ ಹೋಗುವುದನ್ನು ಹೊಸದಾಗಿ ಕಲಿತೆ. ಅದಕ್ಕೇ ಎರಡು ತಿಂಗಳು ಹಿಡಿಯಿತು.

ಆದರೂ ನನ್ನನ್ನು ಬದಲಾಯಿಸಿದ್ದು ಬೊಂಬೆಯಲ್ಲ, ಸರ್ಕ್. ಇದು ಅಣಕು ಅಪಘಾತದ ಸ್ಪರ್ಧೆ. ತಂಡವನ್ನು ಮುಂಚೆ ಒಂದು ಕೋಣೆಯಲ್ಲಿ ಕೂರಿಸಿರುತ್ತಾರೆ, ಹೊರಗೆ ಏನು ನಡೆಯುತ್ತಿದೆ ಅಂತ ಗೊತ್ತಾಗಬಾರದು. ಕರೆದಾಗ ಬಾಗಿಲು ತೆರೆದು ಕೊಳದ ಹತ್ತಿರ ಬಂದರೆ ನೀರಲ್ಲಿ ನಾಲ್ಕೈದು ಜನ ಒದ್ದಾಡುತ್ತಿರುತ್ತಾರೆ. ಒಬ್ಬರಿಗೆ ಈಜು ಬರುವುದೇ ಇಲ್ಲ, ಒಬ್ಬರಿಗೆ ಸುಮಾರಾಗಿ ಬರುತ್ತದೆ, ಒಬ್ಬರಿಗೆ ಪೆಟ್ಟಾಗಿದೆ, ಒಬ್ಬರಿಗೆ ಪ್ರಜ್ಞೆ ಇಲ್ಲ. ಎಲ್ಲರೂ ನಟಿಸುವವರು. ಆದರೆ ಆ ಗಲಾಟೆಯಲ್ಲಿ ಎದೆ ಹೊಡೆದುಕೊಳ್ಳುವುದು ನಿಜವೇ. ಕೈಗೆ ಸಿಗುವುದು ಬರೀ ಎರಡು ನಿಮಿಷದಷ್ಟು. ಪ್ರತಿಯೊಬ್ಬ ಗಾಯಾಳುವಿನ ಮೇಲೂ ಒಬ್ಬ ತೀರ್ಪುಗಾರರ ಕಣ್ಣು.

ನನ್ನ ಮೊದಲ ಸರ್ಕ್‌ನಲ್ಲಿ ಒಬ್ಬ ಹುಡುಗ "ಕಾಲು, ಕಾಲು" ಅಂತ ಜೋರಾಗಿ ಕಿರುಚುತ್ತಿದ್ದ. ನಾನು ನೋಡಿದ ತಕ್ಷಣ ಹಾರಿದೆ. ಅವನು ತೇಲುವ ಹಗ್ಗವನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇದ್ದ. ಅವನಿಗೆ ಉಸಿರಿತ್ತು, ಸಮಯವಿತ್ತು. ನಾನು ಅವನನ್ನು ದಡಕ್ಕೆ ತರುವಷ್ಟರಲ್ಲಿ ಈಜು ಬಾರದ ಹುಡುಗಿ ಮುಳುಗಿ ಆಗಿತ್ತು. ಮುಳುಗಿಹೋದವರ ಬದಲಿಗೆ ಅಂತ ಮೂಲೆಯಲ್ಲಿ ತಳಕ್ಕೆ ಬಿಟ್ಟಿದ್ದ ಬೊಂಬೆಯನ್ನು ನಾನು ನೋಡಿರಲೇ ಇಲ್ಲ. ಗೋಡೆಯಿಂದ ಎರಡೇ ಮೀಟರ್ ದೂರದಲ್ಲಿದ್ದ ಇನ್ನೊಬ್ಬನಿಗೆ "ಕಾಲು ಹೊಡಿ, ಇತ್ತ ಬಾ" ಅಂದಿದ್ದರೆ ತಾನಾಗಿಯೇ ಬರುತ್ತಿದ್ದ. ಅದನ್ನೂ ಹೇಳಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಇದು ಕಾಳಿಯಲ್ಲಿ ನಡೆದಿದ್ದರೆ ಅಂತ ಒಂದೇ ಯೋಚನೆ.

ನಿಜವಾಗಿ ಮುಳುಗುತ್ತಿರುವವರು ಹೆಚ್ಚಾಗಿ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲೇ ಏಳುತ್ತ ಬೀಳುತ್ತ ಇರುತ್ತದೆ. ಉಸಿರಿಗೇ ಪುರುಸೊತ್ತಿಲ್ಲ, ಕೂಗುವುದೆಲ್ಲಿಂದ? ಕೈ ಬೀಸುವುದಕ್ಕೂ ಆಗುವುದಿಲ್ಲ, ಎರಡೂ ಕೈ ನೀರನ್ನು ಕೆಳಗೆ ಒತ್ತುತ್ತಿರುತ್ತವೆ. ದಡದಲ್ಲಿದ್ದವರಿಗೆ ಆಟ ಆಡುತ್ತಿರುವ ಹಾಗೆ ಕಾಣುತ್ತದೆ. ಹಾಗಾಗಿ ಮುಂದಿನ ಸರ್ಕ್‌ನಿಂದ ನಾನು ಮಾಡಿದ್ದು ಒಂದೇ. ಹಾರುವ ಮುಂಚೆ ನಿಂತು, ಎಡದಿಂದ ಬಲಕ್ಕೆ, ಮೇಲಿಂದ ತಳಕ್ಕೆ ನೋಡುವುದು. ಸದ್ದು ಮಾಡದವರು ಯಾರು ಅಂತ ಹುಡುಕುವುದು. ಮಾತಿನಿಂದ ಬರುವವರನ್ನು ಮಾತಿನಿಂದ ಕರೆಯುವುದು. ಕೋಲು ಚಾಚುವುದು, ಹಗ್ಗ ಎಸೆಯುವುದು. ಯಾವುದೂ ಆಗದಿದ್ದರೆ ಮಾತ್ರ ನೀರಿಗಿಳಿಯುವುದು, ಅದೂ ತೇಲುವ ವಸ್ತು ಹಿಡಿದುಕೊಂಡು.

ಊರಿಗೆ ವಾಪಸ್ ಬಂದ ಮೇಲೆ ಇದನ್ನು ಬಿಡಲು ಮನಸ್ಸಾಗಲಿಲ್ಲ. ಕಾರವಾರದವರಿಗೆ 2019ರ ಜನವರಿ 21 ಮರೆಯುವ ದಿನವಲ್ಲ. ಕುರ್ಮಗಡ ದ್ವೀಪದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ನನ್ನ ಜೊತೆ ಇದನ್ನು ಕಲಿಯಲು ಡಿಗ್ರಿ ಓದುವ ಏಳು ಹುಡುಗ ಹುಡುಗಿಯರು ಮುಂದೆ ಬಂದರು. ಭಾನುವಾರ ಬೆಳಿಗ್ಗೆ ಟಾಗೋರ್ ಕಡಲತೀರದಲ್ಲಿ ಸೇರತೊಡಗಿದೆವು.

ಬೊಂಬೆ ಎಲ್ಲಿಂದ ತರುವುದು? 20 ಲೀಟರಿನ ಪ್ಲಾಸ್ಟಿಕ್ ಕ್ಯಾನಿಗೆ ನಲ್ಲಿ ನೀರು ತುಂಬಿ ಸಮುದ್ರಕ್ಕೆ ಬಿಟ್ಟೆವು. ಮುಳುಗಲೇ ಇಲ್ಲ. ಉಪ್ಪು ನೀರು ಸಿಹಿ ನೀರಿಗಿಂತ ಭಾರ, ಪ್ಲಾಸ್ಟಿಕ್ಕೂ ಹಗುರ. ಸ್ವಲ್ಪ ಸ್ವಲ್ಪವೇ ಮರಳು ಹಾಕುತ್ತ ಹೋದೆವು, ನಿಧಾನಕ್ಕೆ ತಳ ಮುಟ್ಟುವವರೆಗೆ. ಕ್ಯಾನಿನ ಮುಚ್ಚಳದ ಕಡೆಗೆ ಕೆಂಪು ಬಣ್ಣ ಹಚ್ಚಿ ಅದನ್ನೇ ಮುಖ ಅಂದುಕೊಂಡೆವು. ಕೆಂಪು ನೀರೊಳಗೆ ಹೋದರೆ ಆ ಸುತ್ತು ಲೆಕ್ಕಕ್ಕಿಲ್ಲ.

ಹಗ್ಗದ ಪಾಠ ಹೇಳಿದ್ದು ಬಲೆ ಸರಿ ಮಾಡುತ್ತ ಕೂತಿದ್ದ ನೆರೆಮನೆಯ ಮಾವ. ನನ್ನ ಕೈಲಿದ್ದ ಹಗ್ಗ ಮುಟ್ಟಿ ನೋಡಿ, "ಇದು ನೈಲಾನು ತಂಗಿ, ಮುಳುಗ್ತದೆ. ಮುಳುಗುವವನ ಕೈಗೆ ಮುಳುಗೋ ಬಳ್ಳಿ ಕೊಟ್ಟು ಏನು ಮಾಡ್ತೆ?" ಅಂದರು. ತೇಲುವ ಪ್ಲಾಸ್ಟಿಕ್ ಬಳ್ಳಿ, ಅಂದರೆ ಪಾಲಿಪ್ರೊಪಿಲೀನ್ ಹಗ್ಗ, ಅವರೇ ಕೊಟ್ಟರು. ಅಂತರರಾಷ್ಟ್ರೀಯ ನಿಯಮದಲ್ಲಿ ಹಗ್ಗ ಎಸೆಯುವ ದೂರ 12.5 ಮೀಟರ್, ಸಮಯ 45 ಸೆಕೆಂಡು. ನಮ್ಮ ಮಕ್ಕಳು ಮೊದಲು ನೀರಲ್ಲಿದ್ದ ಆಳಿಗೇ ಗುರಿಯಿಟ್ಟು ಎಸೆದರು. ಗಾಳಿಗೆ ಹಗ್ಗ ಅವನನ್ನು ಮುಟ್ಟುವ ಮುಂಚೆಯೇ ಬಿತ್ತು. ಅವನ ತಲೆಯ ಆಚೆಗೆ ಹೋಗುವ ಹಾಗೆ ಎಸೆಯಬೇಕು, ಆಗ ಹಗ್ಗ ಹೆಗಲ ಮೇಲೆ ಬಂದು ಬೀಳುತ್ತದೆ. ಮೊದಲ ಎಸೆತ ತಪ್ಪಿದರೆ ನೀಟಾಗಿ ಸುತ್ತುತ್ತ ಕೂರಬಾರದು. ಎಳೆದು ಕಾಲ ಬಳಿ ಹಾಕಿಕೊಂಡು ಮತ್ತೆ ಎಸೆಯಬೇಕು.

ಬೀಚ್ ಫ್ಲ್ಯಾಗ್ಸ್ ಎಲ್ಲರಿಗೂ ಇಷ್ಟ. ಮರಳಲ್ಲಿ ಬೋರಲು ಮಲಗಿ, ಸೀಟಿ ಊದಿದಾಗ ತಿರುಗಿ ಎದ್ದು 20 ಮೀಟರ್ ಓಡಿ ಪೈಪಿನ ತುಂಡು ಹಿಡಿಯುವ ಆಟ. ತುಂಡುಗಳು ಜನರಿಗಿಂತ ಕಡಿಮೆ ಇರುತ್ತವೆ.

ನಮ್ಮ ಸರ್ಕ್ ಎದೆಮಟ್ಟದ ನೀರಲ್ಲಿ ಮಾತ್ರ, ಮಳೆಗಾಲದಲ್ಲಿ ಇಲ್ಲವೇ ಇಲ್ಲ. ಒಬ್ಬರು ಆಟಕ್ಕೆ ಸೇರದೆ ದಡದಲ್ಲಿ ನಿಂತು ನಿಜವಾದ ಕಾವಲು ಕಾಯುತ್ತಾರೆ. 112ಕ್ಕೆ ಫೋನ್ ಮಾಡಿ ಜಾಗ ಹೇಳುವುದನ್ನೂ ಅಭಿನಯಿಸುತ್ತೇವೆ, ಯಾಕೆಂದರೆ ಗಾಬರಿಯಲ್ಲಿ ಜನ "ಬೀಚಲ್ಲಿ" ಅಂತಷ್ಟೇ ಹೇಳುತ್ತಾರೆ. ಉಸಿರು ನಿಂತವರಿಗೆ ಮೊದಲು ಐದು ಸಲ ಬಾಯಿಂದ ಉಸಿರು, ಆಮೇಲೆ 30 ಸಲ ಎದೆ ಒತ್ತಿ ಎರಡು ಉಸಿರು. ನಾನು ಬ್ರಿಟನ್ನಿನಲ್ಲಿ ಕಲಿತದ್ದು ಹೀಗೆ. ಮುಳುಗಿದವರಿಗೆ ಮೊದಲು ತಪ್ಪಿದ್ದು ಉಸಿರು ಅಲ್ವಾ.

ಒಂದು ಭಾನುವಾರ ಒಬ್ಬ ಹುಡುಗ ಕೇಳಿದ, "ಅಕ್ಕಾ, ಈಜು ಬರುವವರು ದಡದಲ್ಲಿ ನಿಂತು ನೋಡ್ತಾ ಇದ್ದರೆ ಜನ ಏನಂತಾರೆ?" ಅವನಿಗೆ 2024ರ ಆಗಸ್ಟ್ 6ರ ರಾತ್ರಿ ಕಳೆದು 7ರ ನಸುಕಿನಲ್ಲಿ ನಡೆದದ್ದನ್ನು ನೆನಪಿಸಿದೆ. ಕಾಳಿಯ ಹಳೇ ಸೇತುವೆ ಕುಸಿದು ಲಾರಿ ನದಿಗೆ ಬಿತ್ತು. ಚಾಲಕನನ್ನು ಉಳಿಸಿದ್ದು ಮೀನುಗಾರರು ಮತ್ತು ಪೊಲೀಸರು. ಈಜು ನಮ್ಮ ಮೀನುಗಾರರಿಗಿಂತ ಚೆನ್ನಾಗಿ ಯಾರಿಗೆ ಬರುತ್ತದೆ? ಆದರೂ ಅವರು ಹೋದದ್ದು ದೋಣಿಯಲ್ಲಿ.

ಅವನು ಏನೂ ಮಾತಾಡಲಿಲ್ಲ. ಮುಂದಿನ ವಾರದ ಸರ್ಕ್‌ಗೆ ಅವನೇ ನಾಯಕ. ಸೀಟಿ ಊದಿದೆ. ಅವನು ಸೊಂಟಕ್ಕೆ ಕೈ ಕೊಟ್ಟು ನಿಂತ. ಎಡದಿಂದ ಬಲಕ್ಕೆ ನೋಡಿದ. ಕಿರುಚುತ್ತಿದ್ದವಳಿಗೆ "ನಿಲ್ಲು, ಕಾಲು ನೆಲಕ್ಕೆ ಸಿಗ್ತದೆ" ಅಂತ ಕೂಗಿ ಹೇಳಿದ. ಆಮೇಲೆ ಬೆರಳು ತೋರಿಸಿದ್ದು ಬಲಗಡೆ, ಯಾರೂ ಕೂಗದ ಕಡೆ, ನೀರಡಿಯಲ್ಲಿ ಅಲುಗಾಡದೆ ಬಿದ್ದಿದ್ದ ಆ ಕೆಂಪು ಮುಖದ ಕ್ಯಾನಿನತ್ತ.