ನೀರಿನ ರಿಪೋರ್ಟ್ ಬಂತು, ಈಗ ಅಪಾಯದ ಲೆಕ್ಕ ಹಾಕುವುದು ಹೇಗೆ?

ಕುಡಿಯುವ ನೀರನ್ನು ಲ್ಯಾಬ್‌ಗೆ ಕೊಟ್ಟು ಪಿಫಾಸ್ ಟೆಸ್ಟ್ ಮಾಡಿಸಿದ್ದೀರಿ ಅಂದುಕೊಳ್ಳೋಣ. ರಿಪೋರ್ಟ್‌ನಲ್ಲಿ ಪಿಎಫ್‌ಒಎ 12, ಪಿಎಫ್‌ಒಎಸ್ 8 ಅಂತ ಇದೆ. ಹೆದರಬೇಕಾ, ಬೇಡವಾ? ಅದೊಂದನ್ನು ಮಾತ್ರ ರಿಪೋರ್ಟ್‌ನಲ್ಲಿ ಬರೆದಿರುವುದಿಲ್ಲ. ಆ ಲೆಕ್ಕ ನಾವೇ ಹಾಕಬೇಕು. ಕೂಡಿಸಿ ಗುಣಿಸಿ ಭಾಗಿಸಲು ಬಂದರೆ ಸಾಕು.

ಪಿಫಾಸ್ ಅಂದರೆ ಒಂದು ಕೆಮಿಕಲ್ ಅಲ್ಲ, ಸಾವಿರಾರು ಕೆಮಿಕಲ್‌ಗಳ ಕುಟುಂಬ. ಪಿಎಫ್‌ಒಎ, ಪಿಎಫ್‌ಒಎಸ್ ಆ ಕುಟುಂಬದ ಎರಡು ಕೆಮಿಕಲ್‌ಗಳು. ಅಂಟದ ಬಾಣಲೆ, ಕಲೆ ಹಿಡಿಯದ ಬಟ್ಟೆ, ಎಣ್ಣೆ ಬೆಂಕಿ ಆರಿಸುವ ನೊರೆ, ಕ್ರೋಮ್ ಪ್ಲೇಟಿಂಗ್, ಹೀಗೆ ಬಳಸದ ಜಾಗವೇ ಇಲ್ಲ. ಇದರಲ್ಲಿ ಕಾರ್ಬನ್ ಮತ್ತು ಫ್ಲೋರಿನ್ ನಡುವಿನ ಬಂಧ ಎಷ್ಟು ಗಟ್ಟಿ ಅಂದರೆ ಬಿಸಿಲು, ಮಳೆ, ಮಣ್ಣಿನ ಬ್ಯಾಕ್ಟೀರಿಯಾ ಯಾವುದಕ್ಕೂ ಅದು ಸುಲಭವಾಗಿ ಜಗ್ಗುವುದಿಲ್ಲ. ಇನ್ನೂ ಟೆಸ್ಟ್ ಮಾಡಿಸಿಲ್ಲದವರು ಮೊದಲು ನೀರಿನ ಮೂಲದ ಸುತ್ತ ಏನಿದೆ ನೋಡಿ. ವಿಮಾನ ನಿಲ್ದಾಣ, ಅಗ್ನಿಶಾಮಕ ತರಬೇತಿ ಮೈದಾನ, ಪ್ಲೇಟಿಂಗ್ ಕಾರ್ಖಾನೆ, ಹಳೆಯ ಕಸದ ಗುಡ್ಡೆ ಇದ್ದರೆ ಟೆಸ್ಟ್ ಮಾಡಿಸುವುದೇ ಒಳ್ಳೆಯದು.

ಮೊದಲು ರಿಪೋರ್ಟ್ ಸರಿಯಾಗಿ ಓದಿ

ಸಂಖ್ಯೆಗಿಂತ ಮೊದಲು ಯೂನಿಟ್ ನೋಡಿ. ಇಲ್ಲಿ ಅಳತೆ ಸಾಮಾನ್ಯವಾಗಿ ಒಂದು ಲೀಟರ್‌ಗೆ ಇಷ್ಟು ನ್ಯಾನೋಗ್ರಾಂ ಅಂತ ಇರುತ್ತದೆ, ಅಂದರೆ ಲಕ್ಷ ಕೋಟಿಯಲ್ಲಿ ಒಂದು ಪಾಲು. ನಮ್ಮ 12 ಮತ್ತು 8 ಕೂಡ ಇದೇ ಯೂನಿಟ್‌ನಲ್ಲಿವೆ. ಕೆಲವು ಲ್ಯಾಬ್‌ಗಳು ಮೈಕ್ರೋಗ್ರಾಂನಲ್ಲಿ ಕೊಡುತ್ತವೆ. 0.02 ಮೈಕ್ರೋಗ್ರಾಂ ಅಂದರೆ 20 ನ್ಯಾನೋಗ್ರಾಂ. ಸೊನ್ನೆ ಪಾಯಿಂಟ್ ಸೊನ್ನೆ ನೋಡಿ ಸಮಾಧಾನ ಪಟ್ಟುಕೊಂಡವರು ಎಷ್ಟೋ ಜನ.

ಆಮೇಲೆ 'ಪತ್ತೆಯಾಗಿಲ್ಲ' ಅನ್ನುವ ಮಾತು. ಯಾವ ಮಟ್ಟದವರೆಗೆ ಹುಡುಕಿ ಪತ್ತೆಯಾಗಿಲ್ಲ ಎಂದು ಕೇಳಿ. ಲ್ಯಾಬ್‌ನ ಯಂತ್ರ 50 ನ್ಯಾನೋಗ್ರಾಂಗಿಂತ ಕಡಿಮೆ ಇದ್ದದ್ದನ್ನು ಕಾಣುವುದೇ ಇಲ್ಲ ಅಂದರೆ, ನಿಮ್ಮ ನೀರಿನಲ್ಲಿ 40 ಇದ್ದರೂ ಅದೇ ಉತ್ತರ ಬರುತ್ತದೆ. ಎಷ್ಟು ಬಗೆಯ ಪಿಫಾಸ್ ಹುಡುಕಿದ್ದಾರೆ ಅನ್ನುವುದೂ ಮುಖ್ಯ, ಹುಡುಕದೇ ಇದ್ದದ್ದು ಸಿಗುವುದಿಲ್ಲ ಅಲ್ವಾ? ಸ್ಯಾಂಪಲ್ ತೆಗೆಯುವಾಗ ಲ್ಯಾಬ್ ಕೊಟ್ಟ ಬಾಟಲಿಯನ್ನೇ ಬಳಸಿ. ಟೆಫ್ಲಾನ್ (ಅಂಟದ ಬಾಣಲೆಗೆ ಬಳಿಯುವ ಲೇಪ) ಇರುವ ಮುಚ್ಚಳ ತಾಗಿದರೂ ಲೆಕ್ಕ ಕೆಡಬಹುದು, ಅಷ್ಟು ಸೂಕ್ಷ್ಮದ ಕೆಲಸ ಇದು.

ಯಾವ ಮಿತಿಗೆ ಹೋಲಿಸುತ್ತೀರಿ?

ತಲೆ ಕೆಡುವುದು ಇಲ್ಲೇ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರಲ್ಲಿ ಪಿಎಫ್‌ಒಎ ಮತ್ತು ಪಿಎಫ್‌ಒಎಸ್‌ಗೆ ತಲಾ 4 ನ್ಯಾನೋಗ್ರಾಂ ಮಿತಿ ಇಟ್ಟಿತು. ಆ ಲೆಕ್ಕದಲ್ಲಿ ನಮ್ಮ ನೀರು ಒಂದರಲ್ಲಿ 3 ಪಟ್ಟು, ಇನ್ನೊಂದರಲ್ಲಿ 2 ಪಟ್ಟು ಜಾಸ್ತಿ. ಫೇಲ್. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ 20 ಬಗೆಯ ಪಿಫಾಸ್ ಸೇರಿ 100 ನ್ಯಾನೋಗ್ರಾಂವರೆಗೆ ಇರಬಹುದು. ಈ ಎರಡನ್ನೇ ಕೂಡಿಸಿದರೆ 20 ಆಗುತ್ತದೆ, ಮಿತಿಯ ಐದರಲ್ಲಿ ಒಂದು ಭಾಗ. ಆರಾಮಾಗಿ ಪಾಸ್. ನೀರು ಒಂದೇ!

ಯಾಕೆ ಹೀಗೆ? ಕಾನೂನಿನ ಮಿತಿ ಅನ್ನುವುದು ಆರೋಗ್ಯವೊಂದನ್ನೇ ನೋಡಿ ಇಟ್ಟದ್ದಲ್ಲ. ಖರ್ಚು, ತಂತ್ರಜ್ಞಾನ, ಅಳೆಯುವ ಯಂತ್ರದ ಶಕ್ತಿ ಎಲ್ಲ ಅದರೊಳಗೆ ಸೇರಿರುತ್ತದೆ. ಅಮೆರಿಕದಲ್ಲಿ ಈ ಎರಡಕ್ಕೂ ಆರೋಗ್ಯದ ಗುರಿ ಇಟ್ಟಿರುವುದು ಸೊನ್ನೆ. 4 ಅನ್ನುವುದು ಲ್ಯಾಬ್‌ಗಳು ನಂಬಿಕೆಯಿಂದ ಅಳೆಯಬಲ್ಲ ಕೆಳಗಿನ ಮಟ್ಟ, ಅಷ್ಟೇ. ಅದೇ ಸಂಸ್ಥೆ 2009ರಲ್ಲಿ ಪಿಎಫ್‌ಒಎಗೆ 400 ಅಂದಿತ್ತು. 2016ರಲ್ಲಿ ಎರಡೂ ಸೇರಿ 70 ಅಂದಿತು. ಕೆಮಿಕಲ್ ಬದಲಾಗಲಿಲ್ಲ, ನಮಗೆ ಗೊತ್ತಿರುವುದು ಬದಲಾಯಿತು.

ಈಗ ದೇಹದ ಲೆಕ್ಕ

ಆದ್ದರಿಂದ ಪಾಸ್, ಫೇಲ್ ಬಿಟ್ಟು ಹೊಟ್ಟೆಗೆ ಎಷ್ಟು ಹೋಗುತ್ತಿದೆ ನೋಡಿ. ಲೀಟರ್‌ಗೆ 20 ನ್ಯಾನೋಗ್ರಾಂ, ದಿನಕ್ಕೆ 2 ಲೀಟರ್ ಕುಡಿದರೆ 40. ವಾರಕ್ಕೆ 280. ತೂಕ 60 ಕೆಜಿ ಇದ್ದರೆ ಪ್ರತಿ ಕೆಜಿಗೆ ವಾರಕ್ಕೆ ಸುಮಾರು 4.7 ನ್ಯಾನೋಗ್ರಾಂ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ನಾಲ್ಕು ಪಿಫಾಸ್‌ಗಳಿಗೆ ಸೇರಿಸಿ ಹೇಳಿದ ಮಿತಿ ವಾರಕ್ಕೆ ಕೆಜಿಗೆ 4.4. ಯುರೋಪಿನ ನೀರಿನ ನಿಯಮದಲ್ಲಿ ಆರಾಮಾಗಿ ಪಾಸಾದ ಅದೇ ನೀರು ಇಲ್ಲಿ ಗೆರೆ ದಾಟಿತು! ಅದೂ ಬರೀ ನೀರಿನಿಂದ. ಊಟ, ಮನೆಯ ಧೂಳು, ಪ್ಯಾಕಿಂಗ್ ಕಾಗದದಿಂದ ಬರುವುದನ್ನು ನಾವು ಇನ್ನೂ ಕೂಡಿಸಿಯೇ ಇಲ್ಲ.

ಇದೇ ನೀರಿನಲ್ಲಿ ಪುಡಿ ಹಾಲು ಕಲಸಿ 5 ಕೆಜಿ ತೂಕದ ಮಗುವಿಗೆ ದಿನಕ್ಕೆ ಮುಕ್ಕಾಲು ಲೀಟರ್ ಕುಡಿಸಿದರೆ ಕೆಜಿಗೆ ವಾರಕ್ಕೆ 21 ನ್ಯಾನೋಗ್ರಾಂ, ದೊಡ್ಡವರ ನಾಲ್ಕೂವರೆ ಪಟ್ಟು. ಒಂದು ಎಚ್ಚರಿಕೆ: ಮಗುವಿನ ಈ ಸಂಖ್ಯೆಯನ್ನು ನೇರವಾಗಿ 4.4ಕ್ಕೆ ಹೋಲಿಸಬಾರದು. ಆ ಮಿತಿಯನ್ನು ಇಟ್ಟದ್ದೇ ತಾಯಿಯ ದೇಹದಲ್ಲಿ ಸೇರಿದ್ದು ಎದೆಹಾಲಿನ ಮೂಲಕ ಮಗುವಿಗೆ ಹೋಗುವುದನ್ನು ಲೆಕ್ಕಕ್ಕೆ ಹಿಡಿದು. ಆದರೆ ಮನೆಯಲ್ಲಿ ಮೊದಲು ಯಾರ ನೀರು ಬದಲಿಸಬೇಕು ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಇನ್ನು ವರ್ಷಗಳ ಮಾತು. ಪಿಎಫ್‌ಒಎ ದೇಹದಿಂದ ಅರ್ಧ ಖಾಲಿಯಾಗಲು ಸುಮಾರು 3 ವರ್ಷ ಬೇಕು. ದಿನಾ ಸ್ವಲ್ಪ ಸ್ವಲ್ಪ ಕುಡಿದರೂ ಒಳಗೆ ಗುಡ್ಡೆಯಾಗುತ್ತದೆ. ಬಹಳ ವರ್ಷ ಕುಡಿದವರ ರಕ್ತದಲ್ಲಿ ನೀರಿನಲ್ಲಿದ್ದ ಪಿಎಫ್‌ಒಎಯ ಸುಮಾರು 100 ಪಟ್ಟು ಸೇರುತ್ತದೆ ಅನ್ನುವುದು ಒರಟು ಲೆಕ್ಕ. ನಮ್ಮ 12 ಅಂದರೆ ರಕ್ತದ ಪ್ರತಿ ಮಿಲಿಲೀಟರ್‌ಗೆ 1.2 ನ್ಯಾನೋಗ್ರಾಂ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2022ರಲ್ಲಿ ಹೇಳಿದ ಪ್ರಕಾರ ಎಲ್ಲ ಪಿಫಾಸ್ ಸೇರಿ 2ಕ್ಕಿಂತ ಕಡಿಮೆ ಇದ್ದರೆ ತೊಂದರೆ ನಿರೀಕ್ಷೆ ಇಲ್ಲ, 20 ದಾಟಿದರೆ ಅಪಾಯ ಜಾಸ್ತಿ. ನಾವು ಇಲ್ಲಿ ಒಂದೇ ಕೆಮಿಕಲ್‌ನ, ಒಂದೇ ಮೂಲದ ಲೆಕ್ಕ ಹಾಕಿದ್ದೇವೆ, ನೆನಪಿರಲಿ.

ಅಪಾಯ ಅಂದರೆ ಏನಪಾಯ?

ಅಮೆರಿಕದ ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಸುತ್ತ ಡ್ಯುಪಾಂಟ್ ಅನ್ನುವ ಕೆಮಿಕಲ್ ಕಂಪನಿಯ ಕಾರ್ಖಾನೆಯ ಪಿಎಫ್‌ಒಎ ಕುಡಿಯುವ ನೀರಿಗೆ ಸೇರಿತ್ತು. ಕೋರ್ಟ್ ಒಪ್ಪಂದದಂತೆ ಸುಮಾರು 69,000 ಜನರ ಮಾಹಿತಿ, ರಕ್ತ ಸಂಗ್ರಹಿಸಿ ವರ್ಷಗಟ್ಟಲೆ ಅಧ್ಯಯನ ನಡೆಯಿತು. ಹೆಚ್ಚಿದ ಕೊಲೆಸ್ಟ್ರಾಲ್, ಥೈರಾಯ್ಡ್ ಕಾಯಿಲೆ, ಕರುಳಿನ ಹುಣ್ಣಿನ ಒಂದು ಬಗೆ, ಗರ್ಭಿಣಿಯರ ಬಿಪಿ, ಕಿಡ್ನಿ ಮತ್ತು ವೃಷಣದ ಕ್ಯಾನ್ಸರ್, ಈ ಆರಕ್ಕೂ ಪಿಎಫ್‌ಒಎಗೂ ಸಂಬಂಧ ಇರುವ ಸಾಧ್ಯತೆ ಹೆಚ್ಚು ಎಂದು ವಿಜ್ಞಾನಿಗಳು ಹೇಳಿದರು. 2023ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಪಿಎಫ್‌ಒಎಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಮಕ್ಕಳಲ್ಲಿ ಲಸಿಕೆಗೆ ದೇಹ ಸರಿಯಾಗಿ ಸ್ಪಂದಿಸದೇ ಇರುವುದೂ ಕಂಡುಬಂದಿದೆ.

ಇದೆಲ್ಲ ದೊಡ್ಡ ಗುಂಪಿನ ಮಾತು. ನಿಮ್ಮ ಕೊಲೆಸ್ಟ್ರಾಲ್ ಏರಿದ್ದು ಈ ನೀರಿನಿಂದಲೇ ಅಂತ ಯಾವ ಟೆಸ್ಟೂ ಹೇಳಲಾರದು. ಆದರೆ ವೈದ್ಯರ ಹತ್ತಿರ ಹೋದಾಗ ರಿಪೋರ್ಟ್ ತೋರಿಸಿ. ಕೊಲೆಸ್ಟ್ರಾಲ್, ಥೈರಾಯ್ಡ್, ಕಿಡ್ನಿ ಕಡೆ ಅವರು ಒಂದು ಕಣ್ಣಿಟ್ಟಿರುತ್ತಾರೆ. ಎದೆಹಾಲು ನಿಲ್ಲಿಸುವ ನಿರ್ಧಾರ ಮಾತ್ರ ಸುಮ್ನೆ ನೀವೇ ತೆಗೆದುಕೊಳ್ಳಬೇಡಿ.

ಮುಂದೇನು ಮಾಡಬೇಕು?

ಪಿಫಾಸ್ ಹೋಗಲಿ ಅಂತ ಕುದಿಸಬೇಡಿ. ನೀರು ಆವಿಯಾಗಿ ಹೋಗುತ್ತದೆ, ಪಿಫಾಸ್ ಉಳಿದು ಇನ್ನಷ್ಟು ದಟ್ಟವಾಗುತ್ತದೆ. ಆರ್‌ಓ ಚೆನ್ನಾಗಿ ತೆಗೆಯುತ್ತದೆ. ಕಾರ್ಬನ್ ಫಿಲ್ಟರ್ ಕೂಡ ತೆಗೆಯುತ್ತದೆ, ಆದರೆ ಕಾರ್ಟ್ರಿಜ್ ಹೊತ್ತಿಗೆ ಸರಿಯಾಗಿ ಬದಲಿಸಿದರೆ ಮಾತ್ರ. ಅದು ತುಂಬಿದ ಮೇಲೆ ಕಾರ್ಬನ್ ಸರಪಳಿ ಚಿಕ್ಕದಿರುವ ಪಿಫಾಸ್ ಮೊದಲು ನುಸುಳುತ್ತದೆ. ಇಡೀ ಮನೆಗೆ ಫಿಲ್ಟರ್ ಬೇಕಿಲ್ಲ, ಕುಡಿಯಲು ಮತ್ತು ಅಡುಗೆಗೆ ಬಳಸುವ ನಲ್ಲಿಗೆ ಸಾಕು. ಚರ್ಮದ ಮೂಲಕ ಒಳಗೆ ಹೋಗುವುದು ತೀರಾ ಕಡಿಮೆ, ಆದ್ದರಿಂದ ಸ್ನಾನದ ನೀರಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಫಿಲ್ಟರ್ ಹಾಕಿದ ಮೇಲೆ ಅದರಿಂದ ಬಂದ ನೀರನ್ನು ಇನ್ನೊಮ್ಮೆ ಟೆಸ್ಟ್‌ಗೆ ಕೊಡಿ. ಅದೇ ಲ್ಯಾಬ್‌ಗೆ ಕೊಡಿ, ಅದೇ ಪಟ್ಟಿ ಹಿಡಿದು ಹುಡುಕಲು ಹೇಳಿ. ಎರಡು ರಿಪೋರ್ಟ್ ಪಕ್ಕಪಕ್ಕ ಇಟ್ಟು ನೋಡುವಾಗ ಯೂನಿಟ್ ಒಂದೇ ಇದೆಯಾ ಅಂತ ಮತ್ತೆ ನೋಡಿ.